ನ್ಯಾವ್‌ಲಿಂಕ್: ಮೆನು ಸುಳ್ಳು ಹೇಳಬಾರದು, ಅಷ್ಟೇ

ರಿಯಾಕ್ಟ್ ಅಂದರೆ ಜಾವಾಸ್ಕ್ರಿಪ್ಟ್‌ನಲ್ಲಿ ವೆಬ್ ಪುಟ ಕಟ್ಟುವ ಲೈಬ್ರರಿ. ಯಾವ ವಿಳಾಸಕ್ಕೆ ಯಾವ ಪುಟ ಅಂತ ನೋಡಿಕೊಳ್ಳುವ ಅದರ ಜೊತೆಗಾರ ರಿಯಾಕ್ಟ್ ರೌಟರ್. ಈ ರೌಟರ್ ಲೈಬ್ರರಿಯೊಳಗೆ ನ್ಯಾವ್‌ಲಿಂಕ್ ಅಂತ ಒಂದು ಸಣ್ಣ ಕಾಂಪೊನೆಂಟ್ (ಪುಟ ಕಟ್ಟುವ ಸಿದ್ಧ ತುಂಡು) ಇದೆ. ನೀವು ಈಗ ಯಾವ ಪುಟದಲ್ಲಿದ್ದೀರೋ ಮೆನುವಿನಲ್ಲಿ ಅದರ ಹೆಸರನ್ನು ಬೇರೆಯಾಗಿ ಕಾಣಿಸುವುದು ಅದರ ಕೆಲಸ. ಲೈಸೆನ್ಸ್ ಎಂಐಟಿ, ಹಾಗಾಗಿ ದುಡ್ಡು ಕೊಡಬೇಕಿಲ್ಲ. ಇಷ್ಟು ಚಿಕ್ಕದಕ್ಕೆ ಒಂದು ವಿಮರ್ಶೆ ಯಾಕೆ ಅಂತ ಕೇಳಬಹುದು. ಯಾಕೆಂದರೆ ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆಯ ಒಂದು ಅಡತಿ (ದಲ್ಲಾಳಿ) ಅಂಗಡಿಯಲ್ಲಿ ಇದೊಂದು ಸರಿ ಇಲ್ಲದ್ದಕ್ಕೆ ತೊಗರಿ ಲೆಕ್ಕ ಅದಲುಬದಲಾಗುತ್ತಿತ್ತು. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಯಾಕೆ ಕಟ್ ಆಯಿತು ಅನ್ನುವುದು ಮುಂದೆ ಬರುತ್ತದೆ.

ನಾನು ಸೇಡಂ ರಸ್ತೆ ಕಡೆ ಮನೆಯಿಂದಲೇ ಕೆಲಸ ಮಾಡುವವಳು. ದಾಲ್ ಮಿಲ್ಲು, ಟ್ಯೂಷನ್ ಕ್ಲಾಸು, ಅಡತಿ ಅಂಗಡಿ, ಇಂಥವರಿಗೆ ವೆಬ್ ಆ್ಯಪ್ ಮಾಡಿಕೊಡುತ್ತೇನೆ. ಈ ಅಂಗಡಿಯ ಆ್ಯಪ್ ನಾನು ಮಾಡಿದ್ದಲ್ಲ. ಬೇರೆ ಯಾರೋ ಮಾಡಿಟ್ಟು ಹೋಗಿದ್ದರು, ರಿಪೇರಿಗೆ ನನ್ನ ಕೈಗೆ ಬಂತು. ಅದರಲ್ಲಿ ಖರೀದಿ, ಮಾರಾಟ, ಆವಕ, ಖಾತೆ, ದರ ಅಂತ ಪುಟಗಳು. ಖರೀದಿ ಮತ್ತು ಮಾರಾಟದ ಫಾರ್ಮು ನೋಡಲು ಒಂದೇ ಥರ: ಹೆಸರು, ಚೀಲ, ತೂಕ, ಕ್ವಿಂಟಲ್ ದರ. ಪುಟದ ತಲೆಯಲ್ಲಿ ದೊಡ್ಡ ಹೆಸರೂ ಇಲ್ಲ. ಯಾವ ಪುಟ ಅಂತ ತಿಳಿಯಲು ಇದ್ದದ್ದು ಮೆನು ಬಣ್ಣ ಒಂದೇ. ಅದೇ ತಪ್ಪು ಹೇಳುತ್ತಿತ್ತು.

ಅಂಗಡಿಯ ಮುನೀಮರು ವಯಸ್ಸಾದವರು, ನಾನು ಕಾಕಾ ಅಂತ ಕರೆಯುತ್ತೇನೆ. ಅವರ ದೂರು ಒಂದೇ ಸಾಲಿನದು: "ಯವ್ವಾ, ಮ್ಯಾಲ ಖರೀದಿ ಅಂತ ತೋರಸ್ತದ, ಬರದದ್ದೆಲ್ಲಾ ಮಾರಾಟದಾಗ ಹೋಗ್ತದ. ಯಾವುದು ನಂಬಲಿ?" ತೊಗರಿ ಸೀಸನ್‌ನಲ್ಲಿ, ಅಂದರೆ ಡಿಸೆಂಬರ್‌ನಿಂದ ಫೆಬ್ರುವರಿವರೆಗೆ, ಗಂಜ್‌ನಲ್ಲಿ ನಿಲ್ಲಲು ಜಾಗ ಇರುವುದಿಲ್ಲ. ಆ ಗದ್ದಲದಲ್ಲಿ ರೈತನ ಹೆಸರಿಗೆ ಬರೆಯಬೇಕಾದ ಚೀಲ ಖರೀದಿದಾರನ ಹೆಸರಿಗೆ ಹೋದರೆ ಸಂಜೆ ಲೆಕ್ಕದ ಪಟ್ಟಿ ಮಾಡುವಾಗ ಜಗಳ ಗ್ಯಾರಂಟಿ. ಕಾಕಾ ಕೆಂಪು ವಹಿಗೇ ವಾಪಸ್ ಹೋಗುವ ಮಾತಾಡುತ್ತಿದ್ದರು. ಅವರ ಮಾತಿನಲ್ಲಿ ನನಗೇನೂ ತಪ್ಪು ಕಾಣಲಿಲ್ಲ. ವಹಿಯಲ್ಲಿ ಯಾವ ಹಾಳೆ ತೆರೆದಿದೆ ಅನ್ನುವುದು ಕಣ್ಣಿಗೇ ಕಾಣುತ್ತದೆ.

ಕೋಡ್ ಬಿಚ್ಚಿ ನೋಡಿದೆ. ಕಾರಣ ಬಹಳ ಮಾಮೂಲಿ, ರಿಯಾಕ್ಟ್‌ನಲ್ಲಿ ಮೆನು ಬರೆದವರು ಎಂದಾದರೂ ನೋಡಿರುವಂಥದ್ದೇ. ಮೆನು ಕಾಂಪೊನೆಂಟು ಬ್ರೌಸರ್‌ನ ವಿಳಾಸವನ್ನು ನೇರವಾಗಿ ವಿಂಡೋ ಲೊಕೇಶನ್‌ನಿಂದ ಓದುತ್ತಿತ್ತು. ಓದಿ, ಯಾವ ಲಿಂಕ್‌ಗೆ ಬಣ್ಣ ಕೊಡಬೇಕು ಅಂತ ತೀರ್ಮಾನ ಮಾಡುತ್ತಿತ್ತು. ಹಳೇ ಕಾಲದ ಸೈಟಿನಲ್ಲಿ ಇದು ನಡೆಯುತ್ತದೆ, ಯಾಕೆಂದರೆ ಅಲ್ಲಿ ಪ್ರತಿ ಕ್ಲಿಕ್‌ಗೂ ಪುಟ ಪೂರ್ತಿ ಹೊಸದಾಗಿ ಲೋಡ್ ಆಗುತ್ತದೆ. ಸಿಂಗಲ್ ಪೇಜ್ ಆ್ಯಪ್‌ನಲ್ಲಿ ಹಾಗಲ್ಲ. ಕ್ಲಿಕ್ ಮಾಡಿದಾಗ ವಿಳಾಸ ಬದಲಾಗುತ್ತದೆ, ಕೆಳಗಿನ ಪುಟ ಬದಲಾಗುತ್ತದೆ, ಆದರೆ ಮೆನುವಿಗೆ ಸುದ್ದಿ ಹೋಗುವುದಿಲ್ಲ. ವಿಂಡೋ ಲೊಕೇಶನ್ ಬದಲಾದರೆ ರಿಯಾಕ್ಟ್‌ಗೆ ತಾನಾಗಿ ಗೊತ್ತಾಗುವುದಿಲ್ಲ, ಹಾಗಾಗಿ ಮೆನುವನ್ನು ಮತ್ತೆ ರೆಂಡರ್ ಮಾಡುವುದೂ (ಹೊಸದಾಗಿ ಬಿಡಿಸುವುದೂ) ಇಲ್ಲ. ಬಣ್ಣ ಹಳೇ ಲಿಂಕ್ ಮೇಲೇ ಕೂತಿರುತ್ತದೆ. ರಿಫ್ರೆಶ್ ಮಾಡಿದರೆ ಸರಿಯಾಗುತ್ತದೆ. ಅದಕ್ಕೇ ಮೊದಲಿದ್ದವರಿಗೆ ತೋರಿಸಿದಾಗಲೆಲ್ಲ "ನೋಡ್ರಿ, ಸರಿನೇ ಅದ" ಅಂತ ಹೇಳಿ ಹೋಗಿರಬೇಕು.

ಆ ಲಿಂಕ್‌ಗಳನ್ನೆಲ್ಲ ನ್ಯಾವ್‌ಲಿಂಕ್ ಮಾಡಿದೆ. ಬೇರೇನೂ ಮುಟ್ಟದೆಯೇ ಮೆನು ಸರಿಯಾಗಿ ತೋರಿಸತೊಡಗಿತು. ನ್ಯಾವ್‌ಲಿಂಕ್ ವಿಳಾಸವನ್ನು ಬ್ರೌಸರ್‌ನಿಂದ ಕದ್ದು ನೋಡುವುದಿಲ್ಲ. ರೌಟರ್‌ನಿಂದಲೇ ಕೇಳಿ ಪಡೆಯುತ್ತದೆ. ರೌಟರ್‌ನಲ್ಲಿ ವಿಳಾಸ ಬದಲಾದ ತಕ್ಷಣ ಪ್ರತಿ ನ್ಯಾವ್‌ಲಿಂಕೂ ತನ್ನ ಗುರಿಯನ್ನು ಹೊಸ ವಿಳಾಸದ ಜೊತೆ ಹೋಲಿಸಿ ನೋಡುತ್ತದೆ. ಹೊಂದಿದರೆ ಲಿಂಕ್‌ಗೆ ಆ್ಯಕ್ಟಿವ್ ಅನ್ನುವ ಕ್ಲಾಸ್ (ಸ್ಟೈಲ್ ಕೊಡಲು ಹಿಡಿಯುವ ಗುರುತು) ಸೇರಿಸುತ್ತದೆ. ಜೊತೆಗೆ ಏರಿಯಾ-ಕರೆಂಟ್ ಅನ್ನುವ ಗುಣಕ್ಕೆ (ಆ್ಯಟ್ರಿಬ್ಯೂಟ್) ಪೇಜ್ ಅನ್ನುವ ಬೆಲೆ (ವ್ಯಾಲ್ಯೂ) ಹಾಕುತ್ತದೆ. ಬಣ್ಣ ಏನು, ಗೆರೆ ಎಲ್ಲಿ, ಅದೆಲ್ಲ ಪುಟದ ರೂಪ ಬರೆಯುವ ನಿಮ್ಮ ಸಿಎಸ್‌ಎಸ್‌ಗೆ ಬಿಟ್ಟಿದ್ದು.

ಈ ಹೋಲಿಕೆಯ ಲೆಕ್ಕಾಚಾರ ನನಗೆ ಬಹಳ ಹಿಡಿಸಿತು. ಸುಲಭ ಅಂತ ಕಾಣುತ್ತದೆ, ಆದರೆ ಕೈಯಲ್ಲಿ ಬರೆದವರು ಅರ್ಧ ಜನ ಇಲ್ಲೇ ಎಡವುತ್ತಾರೆ. ವಿಳಾಸ ಈ ಅಕ್ಷರಗಳಿಂದ ಶುರುವಾಗುತ್ತದಾ ಅಂತ ಮಾತ್ರ ನೋಡಿದರೆ "ದರ" ಪುಟದ ಲಿಂಕೂ "ದರಪಟ್ಟಿ" ಪುಟದ ಲಿಂಕೂ ಒಟ್ಟಿಗೆ ಬೆಳಗುತ್ತವೆ. ನ್ಯಾವ್‌ಲಿಂಕ್ ಹಾಗೆ ಮಾಡುವುದಿಲ್ಲ. ತನ್ನ ಹೆಸರು ಮುಗಿದ ಕಡೆ ವಿಳಾಸವೂ ಮುಗಿಯಬೇಕು, ಇಲ್ಲವೇ ಅಲ್ಲಿ ಒಂದು ಸ್ಲ್ಯಾಶ್ ಇರಬೇಕು ಅಂತ ನೋಡುತ್ತದೆ. ಹಾಗಾಗಿ ಖಾತೆಯೊಳಗೆ ಒಬ್ಬ ರೈತನ ಪುಟಕ್ಕೆ ಹೋದರೂ ಮೇಲೆ "ಖಾತೆ" ಬೆಳಗಿಯೇ ಇರುತ್ತದೆ. ನಮಗೆ ಬೇಕಿದ್ದದ್ದೂ ಅದೇ ಅಲ್ವಾ? ಇಂಗ್ಲಿಷ್ ದೊಡ್ಡ ಅಕ್ಷರ, ಸಣ್ಣ ಅಕ್ಷರದ ವ್ಯತ್ಯಾಸವನ್ನೂ ಅದು ಲೆಕ್ಕಕ್ಕೆ ಇಡುವುದಿಲ್ಲ. ಬೇಕಿದ್ದರೆ ಕೇಸ್‌ಸೆನ್ಸಿಟಿವ್ ಅಂತ ಹಾಕಿಕೊಳ್ಳಬಹುದು.

ಕೆಲವು ಕಡೆ ಮಾತ್ರ ಈ ಗುಣವೇ ತೊಂದರೆ ಆಗುತ್ತದೆ. ಖಾತೆಯ ಕೆಳಗೆ ನಮ್ಮಲ್ಲಿ ಎರಡು ಉಪಲಿಂಕ್: "ಎಲ್ಲ ಖಾತೆ" ಮತ್ತು "ಬಾಕಿ". ಬಾಕಿಯ ವಿಳಾಸ ಖಾತೆಯ ಒಳಗೇ ಬರುವುದರಿಂದ ಬಾಕಿಗೆ ಹೋದಾಗ ಎರಡೂ ಬೆಳಗುತ್ತವೆ. ಇಂಥ ಕಡೆ ಮೊದಲಿನದಕ್ಕೆ ಎಂಡ್ ಅನ್ನುವ ಪ್ರಾಪ್ (ಕಾಂಪೊನೆಂಟ್‌ಗೆ ಕೊಡುವ ಸೂಚನೆ) ಕೊಡಬೇಕು. ಆಗ ವಿಳಾಸ ಅಲ್ಲಿಗೇ ಮುಗಿದರೆ ಮಾತ್ರ ಬೆಳಗುತ್ತದೆ. ಮುಖಪುಟಕ್ಕೆ, ಅಂದರೆ ಬರೀ ಒಂದು ಸ್ಲ್ಯಾಶ್ ಇರುವ ಲಿಂಕ್‌ಗೆ, ಇದು ಬೇಕಿಲ್ಲ. ಎಲ್ಲ ವಿಳಾಸವೂ ಸ್ಲ್ಯಾಶ್‌ನಿಂದಲೇ ಶುರುವಾಗುತ್ತದೆ ಅಂತ ಗೊತ್ತಿದ್ದು, ಮುಖಪುಟದ ಲಿಂಕ್ ಮುಖಪುಟದಲ್ಲಿದ್ದಾಗ ಮಾತ್ರ ಬೆಳಗುವ ಹಾಗೆ ಅವರೇ ವಿಶೇಷವಾಗಿ ನೋಡಿಕೊಂಡಿದ್ದಾರೆ. ಹಳೇ 5ನೇ ಆವೃತ್ತಿಯಲ್ಲಿ ಇದಕ್ಕೂ ಎಕ್ಸಾಕ್ಟ್ ಅಂತ ನಾವೇ ಬರೆಯಬೇಕಿತ್ತು.

ಈಗ ಏರಿಯಾ-ಕರೆಂಟ್ ವಿಷಯ. ಇದನ್ನು ಜಾಸ್ತಿ ಜನ ಗಮನಿಸುವುದೇ ಇಲ್ಲ. ವೆಬ್‌ನ ಮಾನದಂಡ ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆಯ ಏರಿಯಾ 1.1, ಅಂದರೆ ಅಂಗವಿಕಲರಿಗೂ ವೆಬ್ ಎಟುಕಲಿ ಅಂತ ಮಾಡಿದ ನಿಯಮಾವಳಿ, 2017ರ ಡಿಸೆಂಬರ್‌ನಲ್ಲಿ ಅಂತಿಮವಾಯಿತು, ಈ ಗುಣ ಅದರ ಜೊತೆಗೇ ಬಂತು. ಕಣ್ಣು ಕಾಣದವರು ಎನ್‌ವಿಡಿಎಯಂಥ ಸ್ಕ್ರೀನ್ ರೀಡರ್ ಹಾಕಿಕೊಂಡು ಮೆನು ಮೇಲೆ ಓಡಾಡಿದರೆ, ಈ ಲಿಂಕ್ ಬಂದಾಗ ಇದೇ ಈಗಿನ ಪುಟ ಅಂತ ಅದು ಓದಿ ಹೇಳುತ್ತದೆ. ಬರೀ ಬಣ್ಣ ಬದಲಿಸಿದ ಮೆನುವಿನಿಂದ ಅವರಿಗೆ ಏನೂ ಸಿಗುವುದಿಲ್ಲ. ನ್ಯಾವ್‌ಲಿಂಕ್ ಇದನ್ನು ಕೇಳದೆಯೇ ಹಾಕುತ್ತದೆ. ನಾನು ಸ್ಟೈಲ್ ಬರೆಯುವಾಗ ಆ್ಯಕ್ಟಿವ್ ಕ್ಲಾಸ್ ಹಿಡಿಯುವುದಿಲ್ಲ, ಏರಿಯಾ-ಕರೆಂಟ್ ಪೇಜ್ ಇರುವ ಲಿಂಕನ್ನೇ ಸೆಲೆಕ್ಟರ್‌ನಲ್ಲಿ (ಸ್ಟೈಲ್ ಯಾವುದಕ್ಕೆ ಅಂತ ಹೇಳುವ ಸಿಎಸ್‌ಎಸ್ ಭಾಗದಲ್ಲಿ) ಹಿಡಿಯುತ್ತೇನೆ. ಹಾಗೆ ಬರೆದರೆ ಕಣ್ಣಿಗೆ ಕಾಣುವುದೂ ಕಿವಿಗೆ ಕೇಳುವುದೂ ಒಂದಕ್ಕೊಂದು ತಪ್ಪುವುದಿಲ್ಲ. ನಾಳೆ ಯಾರಾದರೂ ಆ ಗುಣ ತೆಗೆದು ಹಾಕಿದರೆ ಬಣ್ಣವೂ ಹೋಗುತ್ತದೆ, ಆಗ ಎಲ್ಲರಿಗೂ ಗೊತ್ತಾಗುತ್ತದೆ.

ಒಂದು ಸೂಕ್ಷ್ಮ ಇದೆ. ರೈತನ ಒಳಪುಟದಲ್ಲಿದ್ದಾಗಲೂ "ಖಾತೆ" ಲಿಂಕ್‌ಗೆ ಪೇಜ್ ಅನ್ನುವ ಬೆಲೆಯೇ ಇರುತ್ತದೆ. ಸರಿಯಾಗಿ ನೋಡಿದರೆ ನಾವು ಇರುವುದು ಅದರ ಒಳಗಿನ ಪುಟದಲ್ಲಿ, ಆ ಪುಟದಲ್ಲೇ ಅಲ್ಲ. ಏರಿಯಾ-ಕರೆಂಟ್ ಅನ್ನು ನೀವೇ ಪ್ರಾಪ್ ಆಗಿ ಕೊಟ್ಟು ಟ್ರೂ ಅಂತ ಬದಲಿಸಬಹುದು. ಬದಲಿಸಿದರೆ ನಿಮ್ಮ ಸೆಲೆಕ್ಟರ್ ಕೂಡ ಬದಲಾಗಬೇಕು ಅನ್ನುವುದು ನೆನಪಿರಲಿ.

ಸ್ಟೈಲ್ ವಿಷಯಕ್ಕೆ ಬರೋಣ. ಕನ್ನಡದಲ್ಲಿ ಮೆನು ಮಾಡುವವರಿಗೆ ನನ್ನ ಅನುಭವ ಕೆಲಸಕ್ಕೆ ಬರಬಹುದು. ಇಂಗ್ಲಿಷ್ ಸೈಟ್‌ಗಳಲ್ಲಿ ಸಾಮಾನ್ಯವಾಗಿ ಈಗಿನ ಪುಟದ ಹೆಸರನ್ನು ಬೋಲ್ಡ್ ಮಾಡುತ್ತಾರೆ, ಇಲ್ಲವೇ ಅಂಡರ್‌ಲೈನ್ ಎಳೆಯುತ್ತಾರೆ. ಕನ್ನಡಕ್ಕೆ ಎರಡೂ ಕೂಡಿಬರುವುದಿಲ್ಲ. ಬೋಲ್ಡ್ ಮಾಡಿದರೆ ಅಕ್ಷರ ಅಗಲವಾಗುತ್ತದೆ, ಪಕ್ಕದ ಲಿಂಕ್‌ಗಳೆಲ್ಲ ಸರಿದು ಕೂರುತ್ತವೆ. ಪ್ರತಿ ಕ್ಲಿಕ್‌ಗೂ ಮೆನು ಕುಣಿದ ಹಾಗೆ ಕಾಣುತ್ತದೆ. ಮೇಲಾಗಿ ಸಣ್ಣ ಸೈಜ್‌ನಲ್ಲಿ ಕನ್ನಡ ಬೋಲ್ಡ್ ಅಂದರೆ "ಖ", "ಥ" ಇಂಥವುಗಳ ಒಳಗಿನ ಜಾಗ ತುಂಬಿಹೋಗಿ ಮಸಿ ಚೆಲ್ಲಿದಂತಾಗುತ್ತದೆ. ಅಂಡರ್‌ಲೈನ್ ಕಥೆ ಇನ್ನೂ ಕಷ್ಟ. "ಲೆಕ್ಕ", "ಪಟ್ಟಿ" ಇಂಥ ಪದಗಳಲ್ಲಿ ಒತ್ತಕ್ಷರ ಕೆಳಗೆ ಇಳಿದಿರುತ್ತದೆ. ಗೆರೆ ನೇರ ಅದರ ಮೇಲೇ ಹೋಗುತ್ತದೆ. ಬ್ರೌಸರ್ ಅಕ್ಷರ ಬಂದ ಕಡೆ ಗೆರೆ ಬಿಟ್ಟು ಎಳೆದರೂ ತುಂಡು ತುಂಡಾಗಿ ಕಾಣುತ್ತದೆ.

ಹಾಗಾಗಿ ಅಕ್ಷರವನ್ನು ಮುಟ್ಟಲೇ ಇಲ್ಲ. ಲಿಂಕ್‌ನ ಪೆಟ್ಟಿಗೆಗೆ ಕೆಳಗಡೆ ದಪ್ಪ ಬಾರ್ಡರ್ ಕೊಟ್ಟು, ಅಕ್ಷರಕ್ಕೂ ಬಾರ್ಡರ್‌ಗೂ ನಡುವೆ ಒತ್ತಕ್ಷರ ಕೂರುವಷ್ಟು ಪ್ಯಾಡಿಂಗ್ ಬಿಟ್ಟೆ. ಬೇರೆ ಲಿಂಕ್‌ಗಳಿಗೂ ಅಷ್ಟೇ ದಪ್ಪದ ಬಾರ್ಡರ್ ಇದೆ, ಆದರೆ ಪಾರದರ್ಶಕ. ಅದರಿಂದ ಎತ್ತರ ಬದಲಾಗುವುದಿಲ್ಲ, ಏನೂ ಕುಣಿಯುವುದಿಲ್ಲ. ಫಾಂಟ್ ನೋಟೋ ಸ್ಯಾನ್ಸ್ ಕನ್ನಡ, ಸಾಲಿನ ಎತ್ತರ ಇಂಗ್ಲಿಷ್‌ಗೆ ಕೊಡುವುದಕ್ಕಿಂತ ಸ್ವಲ್ಪ ಜಾಸ್ತಿ.

ಬಾರ್ಡರ್ ಜೊತೆಗೆ ಹಿನ್ನೆಲೆ ಬಣ್ಣವೂ ಬದಲಾಗುತ್ತದೆ. ಬರೀ ಅಕ್ಷರದ ಬಣ್ಣ ಬದಲಿಸಿ ಬಿಟ್ಟರೆ ಸಾಲದು ಅನ್ನುವುದು ಗಂಜ್‌ನ ಬಯಲಲ್ಲಿ ನಿಂತರೆ ಒಂದೇ ನಿಮಿಷಕ್ಕೆ ಗೊತ್ತಾಗುತ್ತದೆ. ನಮ್ಮೂರಲ್ಲಿ ಏಪ್ರಿಲ್, ಮೇನಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಮಾಮೂಲು. ಆ ಬೆಳಕಲ್ಲಿ ತಿಳಿ ನೀಲಿಗೂ ಕಡು ನೀಲಿಗೂ ವ್ಯತ್ಯಾಸವೇ ಕಾಣುವುದಿಲ್ಲ. ವೆಬ್ ಸುಲಭಬಳಕೆಯ ನಿಯಮಗಳು ಕೂಡ ಬಣ್ಣ ಒಂದರಿಂದಲೇ ಮಾಹಿತಿ ತಿಳಿಸಬೇಡಿ ಅನ್ನುತ್ತವೆ. ಮಾಮೂಲಿ ಅಕ್ಷರಕ್ಕೂ ಹಿನ್ನೆಲೆಗೂ ಕಾಂಟ್ರಾಸ್ಟ್ ಕನಿಷ್ಠ 4.5ಕ್ಕೆ 1, ಗೆರೆ ಚಿಹ್ನೆಗಳಂಥವಕ್ಕೆ 3ಕ್ಕೆ 1. ನಾನು ಅದಕ್ಕಿಂತ ಜಾಸ್ತಿಯೇ ಇಟ್ಟೆ.

ಸಾಹುಕಾರರು ನೋಡಿ ಖುಷಿಪಟ್ಟರು. ಖುಷಿಪಟ್ಟ ಮೇಲೆ ಹೊಸ ಬೇಡಿಕೆ ಬರಲೇಬೇಕಲ್ಲ. "ಬರೇ ಒಂದು ಹೆಸರಲ್ರಿ, ಇಡೀ ಮೆನು ಪಟ್ಟಿನೇ ಬದಲಾಗ್ಲಿ. ಖರೀದಿಗಿ ಹಸರು, ಮಾರಾಟಕ್ಕ ಕೆಂಪು. ದೂರದಿಂದ್ಲೇ ತಿಳಿಬೇಕು." ಮತ್ತೆ ಮುಖಪುಟದಲ್ಲಿ ಕಲಬುರಗಿ ತೊಗರಿ ಬೇಳೆಯ ದೊಡ್ಡ ಫೋಟೋ, ಅದಕ್ಕೆ 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ ಅನ್ನುವ ಸಾಲು. ಅಲ್ಲಿ ಮೆನು ಫೋಟೋದ ಮೇಲೆ ಪಾರದರ್ಶಕವಾಗಿ ತೇಲಬೇಕು.

ನ್ಯಾವ್‌ಲಿಂಕ್‌ನ ಗಡಿ ಇಲ್ಲಿಗೆ ಮುಗಿಯಿತು. ಅದು ತನ್ನ ಒಂದು ಲಿಂಕಿನ ಬಗ್ಗೆ ಮಾತ್ರ ಹೇಳುತ್ತದೆ. ಸುತ್ತಲಿನ ಪಟ್ಟಿಗೆ ಯಾವ ಸುದ್ದಿಯನ್ನೂ ಮುಟ್ಟಿಸುವುದಿಲ್ಲ. ಇಡೀ ಪಟ್ಟಿಯ ರೂಪ ಪುಟಕ್ಕೆ ತಕ್ಕಂತೆ ಬದಲಾಗಬೇಕು ಅಂದರೆ ಅದೇ ಲೈಬ್ರರಿಯ ಯೂಸ್‌ಲೊಕೇಶನ್ ಹುಕ್ (ಕಾಂಪೊನೆಂಟಿನೊಳಗೆ ಕರೆಯುವ ವಿಶೇಷ ಫಂಕ್ಷನ್) ಹಿಡಿಯಬೇಕು. ಅದು ಈಗಿನ ವಿಳಾಸ ಕೊಡುತ್ತದೆ, ಬದಲಾದಾಗ ಕಾಂಪೊನೆಂಟನ್ನು ಮತ್ತೆ ರೆಂಡರ್ ಮಾಡಿಸುತ್ತದೆ. ಹಳೇ ಕೋಡಿನಲ್ಲಿ ಇಲ್ಲದೇ ಹೋಗಿದ್ದದ್ದು ಇದೇ. ಒಂದು ಷರತ್ತು: ಈ ಹುಕ್ ಬಳಸುವ ಕಾಂಪೊನೆಂಟು ರೌಟರ್‌ನ ಒಳಗೇ ಇರಬೇಕು. ಮೆನುವನ್ನು ರೌಟರ್‌ನ ಹೊರಗೆ ಇಟ್ಟರೆ ಕೆಂಪು ಅಕ್ಷರದಲ್ಲಿ ಎರರ್ ಬಂದು ಪರದೆ ಖಾಲಿಯಾಗುತ್ತದೆ.

ಹುಕ್‌ನಿಂದ ಬಂದ ವಿಳಾಸವನ್ನು ಹಿಡಿದು ಕಾಂಪೊನೆಂಟಿನೊಳಗೆ ಇದಾದರೆ ಈ ಬಣ್ಣ, ಅದಾದರೆ ಆ ಬಣ್ಣ ಅಂತ ಉದ್ದಕ್ಕೆ ಬರೆಯುವುದು ನನಗೆ ಸೇರುವುದಿಲ್ಲ. ಹೆಡರ್‌ಗೆ, ಅಂದರೆ ಮೆನು ಇರುವ ಮೇಲಿನ ಪಟ್ಟಿಗೆ, ಡೇಟಾ-ಪುಟ ಅಂತ ಒಂದು ಗುಣ ಕೊಟ್ಟು ಅದರಲ್ಲಿ ಪುಟದ ಹೆಸರು ಮಾತ್ರ ಇಡುತ್ತೇನೆ. ಬಣ್ಣವೆಲ್ಲ ಸಿಎಸ್‌ಎಸ್ ವೇರಿಯಬಲ್‌ನಲ್ಲಿ. ಖರೀದಿ ಅಂದರೆ ಪಟ್ಟಿಯ ಬಣ್ಣದ ವೇರಿಯಬಲ್ ಇಷ್ಟು, ಮಾರಾಟ ಅಂದರೆ ಇಷ್ಟು. ನಾಳೆ ಸಾಹುಕಾರರ ಮನಸ್ಸು ಬದಲಾದರೆ (ಬದಲಾಗಿಯೇ ಆಗುತ್ತದೆ) ಜಾವಾಸ್ಕ್ರಿಪ್ಟ್ ತೆಗೆಯುವ ಪ್ರಶ್ನೆಯೇ ಇಲ್ಲ. ಡೇಟಾ ರೌಟರ್ (ಪುಟದ ಡೇಟಾವನ್ನೂ ತಾನೇ ತರಿಸುವ, ರಿಯಾಕ್ಟ್ ರೌಟರ್‌ನದೇ ಒಂದು ಬಗೆ) ಬಳಸುವವರಿಗೆ ಇನ್ನೊಂದು ದಾರಿ ಇದೆ. ಪ್ರತಿ ರೌಟ್‌ಗೆ ಹ್ಯಾಂಡಲ್ ಅನ್ನುವ ಜಾಗದಲ್ಲಿ ನಿಮಗೆ ಬೇಕಾದ ಮಾಹಿತಿ ಇಟ್ಟು, ಯೂಸ್‌ಮ್ಯಾಚಸ್ ಹುಕ್‌ನಿಂದ ಮೆನುವಿನಲ್ಲಿ ಓದಬಹುದು. ಪುಟಗಳು ಜಾಸ್ತಿ ಇದ್ದಾಗ ಇದು ಚೆನ್ನಾಗಿದೆ, ಐದಾರು ಪುಟಕ್ಕೆ ಸುಮ್ನೆ ಭಾರ.

ಜಾವಾಸ್ಕ್ರಿಪ್ಟ್ ಇಲ್ಲದ ದಾರಿಯೂ ಇದೆ, ನನಗೆ ಬಹಳ ಇಷ್ಟವಾದದ್ದು. ಸಿಎಸ್‌ಎಸ್‌ನ ಹ್ಯಾಸ್ ಸೆಲೆಕ್ಟರ್. ಯಾವ ಹೆಡರ್‌ನ ಒಳಗೆ ಮಾರಾಟದ ಲಿಂಕ್‌ಗೆ ಏರಿಯಾ-ಕರೆಂಟ್ ಇದೆಯೋ ಆ ಹೆಡರ್‌ನ ಬಣ್ಣ ಹೀಗಿರಲಿ ಅಂತ ನೇರವಾಗಿ ಬರೆಯಬಹುದು. ನ್ಯಾವ್‌ಲಿಂಕ್ ಹೇಗೂ ಆ ಗುಣ ಹಾಕಿಟ್ಟಿರುತ್ತದೆ. ಸಫಾರಿಯಲ್ಲಿ ಇದು 2022ರ ಮಾರ್ಚ್‌ಗೆ, ಕ್ರೋಮ್‌ನಲ್ಲಿ ಅದೇ ವರ್ಷ ಆಗಸ್ಟ್‌ಗೆ ಬಂತು. ಫೈರ್‌ಫಾಕ್ಸ್‌ಗೆ 2023ರ ಡಿಸೆಂಬರ್‌ನಲ್ಲಿ ಬಂದ ಮೇಲೆ ದೊಡ್ಡ ಬ್ರೌಸರ್‌ಗಳಲ್ಲೆಲ್ಲ ಸಿಗುವಂತಾಯಿತು. ಆದರೆ ಅಂಗಡಿಯಲ್ಲಿರುವ ಟ್ಯಾಬ್ಲೆಟ್ ಬಹಳ ಹಳೇದು, ಅದರ ಬ್ರೌಸರ್‌ಗೆ ಅಪ್‌ಡೇಟ್ ನಿಂತು ಯಾವ ಕಾಲವಾಯಿತೋ. ಹಾಗಾಗಿ ಇಲ್ಲಿ ಡೇಟಾ ಗುಣದ ದಾರಿಯನ್ನೇ ಹಿಡಿದೆ. ಹೊಸ ಫೋನುಗಳ ಜನಕ್ಕೆ ಮಾಡುವುದಾದರೆ ಹ್ಯಾಸ್ ಸಾಕು.

ಕೆಂಪು, ಹಸಿರು ಮಾತ್ರ ಒಪ್ಪಲಿಲ್ಲ. ಇವೆರಡನ್ನು ಬೇರೆ ಮಾಡಿ ನೋಡಲಾಗದ ಗಂಡಸರು ಎಲ್ಲ ಊರಲ್ಲೂ ಇದ್ದಾರೆ, ಅವರಲ್ಲಿ ತುಂಬ ಜನಕ್ಕೆ ಅದು ಗೊತ್ತೇ ಇರುವುದಿಲ್ಲ. ಕಡು ನೀಲಿ ಮತ್ತು ಇಟ್ಟಿಗೆ ಬಣ್ಣ ಅಂತ ಒಪ್ಪಿಸಿ, ಪಟ್ಟಿಯ ಎಡಕ್ಕೆ ಪುಟದ ಹೆಸರನ್ನು ದೊಡ್ಡದಾಗಿ ಬರೆದೆ. ಮುಖಪುಟದ ಪಾರದರ್ಶಕ ಪಟ್ಟಿಗೂ ಒಂದು ಮಾತು: ಹಳದಿ ಬೇಳೆಯ ಫೋಟೋ ಮೇಲೆ ಬಿಳಿ ಅಕ್ಷರ ಓದಲಾಗುವುದಿಲ್ಲ. ಪಟ್ಟಿಯ ಹಿಂದೆ ಮೇಲಿನಿಂದ ಕೆಳಕ್ಕೆ ತೆಳುವಾಗುವ ಕಪ್ಪು ನೆರಳು ಕೊಡಲೇಬೇಕು.

ಈಗ ದೂರುಗಳು. ಮೊದಲನೆಯದಕ್ಕೇ ಆ ಒಂದು ಸ್ಟಾರ್ ಹೋಗಿದ್ದು. ನ್ಯಾವ್‌ಲಿಂಕ್‌ಗೆ ಕ್ಲಾಸ್‌ನೇಮ್ ಎರಡು ರೀತಿ ಕೊಡಬಹುದು. ಬರೀ ಹೆಸರು ಕೊಟ್ಟರೆ ಅದರ ಜೊತೆ ಆ್ಯಕ್ಟಿವ್ ಕ್ಲಾಸನ್ನು ತಾನೇ ಸೇರಿಸುತ್ತದೆ. ಫಂಕ್ಷನ್ ಕೊಟ್ಟರೆ ಈಸ್‌ಆ್ಯಕ್ಟಿವ್ ಅಂತ ಹೌದು, ಅಲ್ಲ ತಿಳಿಸಿ, ನೀವು ಏನು ವಾಪಸ್ ಕೊಡುತ್ತೀರೋ ಅದನ್ನಷ್ಟೇ ಇಡುತ್ತದೆ. ಅಂದರೆ ತಾನಾಗಿ ಸೇರುತ್ತಿದ್ದ ಆ್ಯಕ್ಟಿವ್ ಕ್ಲಾಸ್ ಸದ್ದಿಲ್ಲದೆ ಮಾಯವಾಗುತ್ತದೆ. ಸಿಎಸ್‌ಎಸ್‌ನಲ್ಲಿ ಆ್ಯಕ್ಟಿವ್ ಕ್ಲಾಸ್ ನಂಬಿಕೊಂಡಿದ್ದವರಿಗೆ ಬಣ್ಣ ಎಲ್ಲಿ ಹೋಯಿತು ಅಂತ ತಲೆ ಕೆಡುತ್ತದೆ. ಒಂದೇ ಪ್ರಾಪ್, ಎರಡು ನಡವಳಿಕೆ. ಇದಕ್ಕೆ ಕಾರಣ ಹೇಳಬಹುದು, ಒಪ್ಪುವುದು ಕಷ್ಟ.

ಎರಡನೆಯದು ಹಳೇ ಪಾಠಗಳ ಕಾಟ. 5ನೇ ಆವೃತ್ತಿಯಲ್ಲಿ ಆ್ಯಕ್ಟಿವ್‌ಕ್ಲಾಸ್‌ನೇಮ್, ಆ್ಯಕ್ಟಿವ್‌ಸ್ಟೈಲ್ ಅಂತ ಬೇರೆ ಪ್ರಾಪ್‌ಗಳಿದ್ದವು. 2021ರ ನವೆಂಬರ್‌ನಲ್ಲಿ 6ನೇ ಆವೃತ್ತಿ ಬಂದಾಗ ಅವನ್ನು ತೆಗೆದರು, ಎಕ್ಸಾಕ್ಟ್ ಹೋಗಿ ಎಂಡ್ ಆಯಿತು. ಆದರೆ ನಮ್ಮ ಹುಡುಗರು ನೋಡುವ ಎಷ್ಟೋ ವಿಡಿಯೋಗಳಲ್ಲಿ ಇನ್ನೂ ಹಳೇದೇ ಇದೆ. ಈಗ ಆ್ಯಕ್ಟಿವ್‌ಕ್ಲಾಸ್‌ನೇಮ್ ಬರೆದರೆ ಈ ಹೆಸರಿನ ಪ್ರಾಪ್ ನನಗೆ ಗೊತ್ತಿಲ್ಲ ಅಂತ ರಿಯಾಕ್ಟ್ ಕನ್ಸೋಲ್‌ನಲ್ಲಿ ಎಚ್ಚರಿಸುತ್ತದೆ, ಬಣ್ಣ ಬರುವುದಿಲ್ಲ. 2024ರ ನವೆಂಬರ್‌ನಲ್ಲಿ 7 ಬಂತು. ಅದರಲ್ಲಿ ನ್ಯಾವ್‌ಲಿಂಕ್ ಹೆಚ್ಚುಕಡಿಮೆ 6ರಲ್ಲಿದ್ದಂತೆಯೇ ಇದೆ. ಇಂಪೋರ್ಟ್ ಮಾತ್ರ ಡಾಮ್ ಅನ್ನುವ ಬಾಲ ಇಲ್ಲದೆ ರಿಯಾಕ್ಟ್-ರೌಟರ್ ಪ್ಯಾಕೇಜ್‌ನಿಂದಲೇ ಮಾಡಬಹುದು. ಪಾಠ ನೋಡುವ ಮೊದಲು ಅದು ಯಾವ ಆವೃತ್ತಿಯದು ಅಂತ ನೋಡಿ.

ಮೂರನೆಯದು ಪ್ರಶ್ನಾರ್ಥಕ ಚಿಹ್ನೆಯ ಆಚೆಗಿನ ಭಾಗ. ಒಂದೇ ಆವಕ ಪುಟದಲ್ಲಿ ತೊಗರಿ, ಕಡಲೆ, ಹೆಸರುಕಾಳು ಅಂತ ಟ್ಯಾಬ್ ಮಾಡಿ ಆಯ್ಕೆಯನ್ನು ವಿಳಾಸದ ಕ್ವೆರಿ ಭಾಗದಲ್ಲಿ ಇಟ್ಟರೆ, ನ್ಯಾವ್‌ಲಿಂಕ್ ಅದನ್ನು ನೋಡುವುದೇ ಇಲ್ಲ. ಮೂರೂ ಟ್ಯಾಬ್ ಒಟ್ಟಿಗೆ ಬೆಳಗುತ್ತವೆ. ಯೂಸ್‌ಸರ್ಚ್‌ಪ್ಯಾರಮ್ಸ್ ಹಿಡಿದು ನೀವೇ ಹೋಲಿಸಬೇಕು, ಇಲ್ಲವೇ ಬೆಳೆಯ ಹೆಸರನ್ನು ವಿಳಾಸದ ದಾರಿಯಲ್ಲೇ ಹಾಕಬೇಕು. ನಾನು ಎರಡನೆಯದನ್ನು ಮಾಡಿದೆ.

ಹೊಗಳಬೇಕಾದ ಒಂದು ವಿಷಯ ಉಳಿದಿದೆ. ಡೇಟಾ ರೌಟರ್ ಜೊತೆ ಬಳಸಿದರೆ ಈಸ್‌ಪೆಂಡಿಂಗ್ ಕೂಡ ಸಿಗುತ್ತದೆ. ಒಂದು ಲಿಂಕ್ ಒತ್ತಿದ್ದೀರಿ, ಮುಂದಿನ ಪುಟದ ಡೇಟಾ ಇನ್ನೂ ಬಂದಿಲ್ಲ ಅಂದುಕೊಳ್ಳಿ. ಆ ನಡುವೆ ಹಳೇ ಪುಟ ಹಾಗೇ ನಿಂತಿರುತ್ತದೆ, ಒತ್ತಿದ ಲಿಂಕ್‌ಗೆ ಪೆಂಡಿಂಗ್ ಅನ್ನುವ ಕ್ಲಾಸ್ ಬರುತ್ತದೆ. ಸೀಸನ್‌ನಲ್ಲಿ ಗಂಜ್‌ನೊಳಗೆ ಎಲ್ಲರ ಕೈಯಲ್ಲೂ ಫೋನು, ನೆಟ್‌ವರ್ಕ್ ತೆವಳುತ್ತದೆ. ಮೊದಲೆಲ್ಲ ಕಾಕಾ ಪುಟ ಬರಲಿಲ್ಲ ಅಂತ ಅದೇ ಲಿಂಕನ್ನು ಟಪಟಪ ಒತ್ತುತ್ತಿದ್ದರು. ಈಗ ಒತ್ತಿದ ಕೂಡಲೇ ಬಾರ್ಡರ್ ತೆಳು ಬಣ್ಣಕ್ಕೆ ತಿರುಗುತ್ತದೆ, ಡೇಟಾ ಬಂದ ಮೇಲೆ ಗಟ್ಟಿಯಾಗುತ್ತದೆ. "ಹಾಂ, ಕೇಳಿಸಿಕೊಂಡದ" ಅಂತ ಸುಮ್ಮನೆ ಕಾಯುತ್ತಾರೆ. ಆ್ಯಪ್ ಮೇಲೆ ಅವರಿಗೆ ನಂಬಿಕೆ ಬಂದದ್ದು ಬಣ್ಣಕ್ಕಿಂತ ಜಾಸ್ತಿ ಇದರಿಂದ ಅಂತ ನನ್ನ ಅಂದಾಜು.

ಬೇರೆ ಕಡೆ ಇದೇ ಕೆಲಸ ಹೇಗೆ? ವ್ಯೂ ರೌಟರ್ ಎರಡು ಕ್ಲಾಸ್ ಕೊಡುತ್ತದೆ: ಒಳಪುಟದಲ್ಲಿದ್ದರೂ ಬರುವುದು ಒಂದು, ಸರಿಯಾಗಿ ಅದೇ ಪುಟದಲ್ಲಿದ್ದರೆ ಬರುವುದು ಇನ್ನೊಂದು. ಎಂಡ್ ಹಾಕುವ ತಲೆನೋವೇ ಇಲ್ಲ. ಈ ವಿಷಯದಲ್ಲಿ ಅದೇ ಮೇಲು. ಆ್ಯಂಗ್ಯುಲರ್‌ನಲ್ಲಿ ರೌಟರ್‌ಲಿಂಕ್‌ಆ್ಯಕ್ಟಿವ್ ಇದೆ. ನೆಕ್ಸ್ಟ್‌ಜೆಎಸ್‌ನ ಲಿಂಕ್‌ನಲ್ಲಿ ಇಂಥದ್ದು ಇಲ್ಲ. ಯೂಸ್‌ಪಾತ್‌ನೇಮ್ ಹುಕ್‌ನಿಂದ ವಿಳಾಸ ತೆಗೆದುಕೊಂಡು ಹೋಲಿಕೆ, ಏರಿಯಾ-ಕರೆಂಟ್ ಎಲ್ಲ ನೀವೇ ಬರೆಯಬೇಕು. ಆ ಕಾಂಪೊನೆಂಟು ಕ್ಲೈಂಟ್ ಕಾಂಪೊನೆಂಟೇ ಆಗಿರಬೇಕು. ಮೇಲೆ ಹೇಳಿದ ಸ್ಲ್ಯಾಶ್ ನೋಡುವ ವಿಷಯ ಅಲ್ಲಿ ಮರೆಯಬೇಡಿ.

ಎಲ್ಲರಿಗೂ ಇದು ಬೇಕೇ ಬೇಕು ಅಂತಲ್ಲ. ಬೀದರ್‌ನಲ್ಲಿ ನನ್ನ ಚಿಕ್ಕಮ್ಮನ ಮಗನದು ಚೌಬಾರಾ ಹತ್ತಿರ ಬಿದ್ರಿ ಸಾಮಾನಿನ ಅಂಗಡಿ. ಅವನ ಸೈಟು ನಾಲ್ಕೈದು ಪುಟ: ಮುಖಪುಟ, ಹೂದಾನಿ, ಆಭರಣ, ಸಂಪರ್ಕ. "ಅಕ್ಕಾ, ನನಗೂ ರಿಯಾಕ್ಟ್‌ದಾಗೇ ಮಾಡಿಕೊಡು" ಅಂತ ಹಟ ಹಿಡಿದ. ಮಾಡಿಕೊಡಲಿಲ್ಲ. ಬರೀ ಎಚ್‌ಟಿಎಂಎಲ್ ಪುಟಗಳು. ಪ್ರತಿ ಪುಟದಲ್ಲೂ ಆಯಾ ಲಿಂಕ್‌ಗೆ ಏರಿಯಾ-ಕರೆಂಟ್ ಪೇಜ್ ಅಂತ ಕೈಯಲ್ಲೇ ಬರೆದಿದ್ದೇನೆ. ಕಪ್ಪು ಪಟ್ಟಿ, ಈಗಿನ ಪುಟದ ಕೆಳಗೆ ಬೆಳ್ಳಿ ಬಣ್ಣದ ಗೆರೆ. ಜಾವಾಸ್ಕ್ರಿಪ್ಟ್ ಒಂದು ಸಾಲೂ ಇಲ್ಲ, ತಪ್ಪಾಗುವುದಕ್ಕೆ ಜಾಗವೂ ಇಲ್ಲ. ಜಾಂಗೋ, ಫ್ಲಾಸ್ಕ್, ರೇಲ್ಸ್ ಇಂಥವುಗಳಲ್ಲಿ ಸರ್ವರ್‌ನಿಂದಲೇ ಪುಟ ಬರುವುದಾದರೆ ಟೆಂಪ್ಲೇಟಿನಲ್ಲೇ ಇದನ್ನು ಹಾಕಬಹುದು. ಮೆನು ಬಣ್ಣಕ್ಕೋಸ್ಕರ ಯಾರೂ ರಿಯಾಕ್ಟ್ ತರಬೇಡಿ. ರಿಯಾಕ್ಟ್ ಈಗಾಗಲೇ ಇದ್ದು, ರೌಟರ್ ಕೂಡ ಇದ್ದರೆ ನ್ಯಾವ್‌ಲಿಂಕ್ ಬಿಟ್ಟು ಕೈಯಲ್ಲಿ ಬರೆಯಲೂ ಬೇಡಿ.

ಕೊನೆಗೆ ಫೋನಿನಲ್ಲಿ ಬಳಸುವವರಿಗೆ ಒಂದು ಸೇರಿಕೆ. ನಮ್ಮ ಪಟ್ಟಿ ಸಣ್ಣ ಪರದೆಯಲ್ಲಿ ಅಡ್ಡಕ್ಕೆ ಸರಿಯುತ್ತದೆ. ಕೊನೆಯ "ದರ" ಪುಟ ತೆರೆದು ರಿಫ್ರೆಶ್ ಮಾಡಿದರೆ ಪಟ್ಟಿ ಮತ್ತೆ ಎಡಕ್ಕೆ ಬಂದು ನಿಲ್ಲುತ್ತದೆ. ಬೆಳಗಿರುವ ಲಿಂಕ್ ಬಲಗಡೆ ಪರದೆಯಾಚೆ ಇರುತ್ತದೆ, ಕಾಣುವುದಿಲ್ಲ. ನ್ಯಾವ್‌ಲಿಂಕ್ ಇದಕ್ಕೆ ಏನೂ ಮಾಡುವುದಿಲ್ಲ. ವಿಳಾಸ ಬದಲಾದಾಗ ಮತ್ತು ಮೊದಲ ಸಲ ಲೋಡ್ ಆದಾಗ ಏರಿಯಾ-ಕರೆಂಟ್ ಇರುವ ಲಿಂಕನ್ನು ಹುಡುಕಿ ಸ್ಕ್ರೋಲ್‌ಇನ್‌ಟುವ್ಯೂ ಕರೆಯುವ ಸಣ್ಣ ಎಫೆಕ್ಟ್ ಒಂದನ್ನು ನೀವೇ ಬರೆಯಬೇಕು. ಬ್ಲಾಕ್, ಇನ್‌ಲೈನ್ ಎರಡಕ್ಕೂ ನಿಯರೆಸ್ಟ್ ಅಂತ ಕೊಡಿ. ಇಲ್ಲದಿದ್ದರೆ ಫಾರ್ಮ್ ತುಂಬುತ್ತಿರುವವರ ಪುಟವೇ ಮೇಲಕ್ಕೆ ಜಿಗಿಯುತ್ತದೆ.